ಬರ್ಮಿಂಗ್‌ಹ್ಯಾಮಿನಿಂದ ವ್ಯಾಸರ್‌ಪಾಡಿಗೆ

ಐವತ್ತು ದಾಟಿದ ನಾಲ್ಕು ಜನ ರಾಕ್ ಪ್ರೇಮಿಗಳು ಒಂದು ಕಡೆ ಸೇರಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಮೊದಲೇ ಹೇಳಿಬಿಡಬಹುದು. ಡೀಪ್ ಪರ್ಪಲ್ ಇತ್ತು, ಬ್ಲ್ಯಾಕ್ ಸಬ್ಬತ್ ಇತ್ತು, ಮೆಟಾಲಿಕಾದ ಮೊದಲ ನಾಲ್ಕು ಆಲ್ಬಮ್ಮುಗಳಿದ್ದವು. ಆಮೇಲೆ ಬಂದದ್ದೆಲ್ಲ ಬರೀ ಸದ್ದು. ಚೆನ್ನೈಯ ನಮ್ಮ ಗುಂಪೂ ಇದಕ್ಕೆ ಹೊರತಲ್ಲ. ಇದಕ್ಕೆ ಎದುರು ವಾದವೂ ಸಿದ್ಧವಾಗಿಯೇ ಇದೆ: ಹದಿಹರೆಯದಲ್ಲಿ ಕೇಳಿದ್ದು ಜೀವಮಾನವಿಡೀ ಅಂಟಿಕೊಳ್ಳುತ್ತದೆ, ಮನೋವಿಜ್ಞಾನಿಗಳೇ ಹೇಳಿದ್ದಾರೆ, ನಿಮಗೆ ಇಷ್ಟವಾಗಿರುವುದು ಆ ಹಾಡಲ್ಲ, ನಿಮ್ಮ ಹದಿನೇಳನೆಯ ವಯಸ್ಸು. ಎರಡೂ ವಾದಗಳು ಸೋಮಾರಿ ವಾದಗಳು. ಒಂದು ಎಲ್ಲವನ್ನೂ ಹಾಡಿನ ಲೆಕ್ಕಕ್ಕೆ ಬರೆಯುತ್ತದೆ, ಇನ್ನೊಂದು ವಯಸ್ಸಿನ ಲೆಕ್ಕಕ್ಕೆ. ಹಾಡಿಗೂ ವಯಸ್ಸಿಗೂ ನಡುವೆ ಒಂದು ಊರಿತ್ತು, ಒಂದು ಕ್ಯಾಸೆಟ್ ಇತ್ತು ಅನ್ನುವುದು ಇಬ್ಬರಿಗೂ ನೆನಪಿಲ್ಲ.

ಎಂಬತ್ತರ ದಶಕದ ಮದರಾಸಿನಲ್ಲಿ ರಾಕ್ ಅಂದರೆ ಕ್ಯಾಸೆಟ್ಟೇ. ದೊಡ್ಡ ಬ್ಯಾಂಡುಗಳು ಈ ಕಡೆ ತಲೆ ಹಾಕುತ್ತಿರಲಿಲ್ಲ. ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕ, ಹಳೇ ರೆಕಾರ್ಡುಗಳ ಸಾಲು 1985ರ ಬೆಂಕಿಯಲ್ಲಿ ಹೋಯಿತು. ಉಳಿದದ್ದು ಬರ್ಮಾ ಬಜಾರು, ಮತ್ತೆ ಖಾಲಿ ಕ್ಯಾಸೆಟ್ ಕೊಟ್ಟರೆ ಎಲ್‌ಪಿಯಿಂದ ತುಂಬಿಸಿ ಕೊಡುತ್ತಿದ್ದ ರೆಕಾರ್ಡಿಂಗ್ ಅಂಗಡಿಗಳು. 90 ನಿಮಿಷದ ಕ್ಯಾಸೆಟ್ಟಿನಲ್ಲಿ ಮಗ್ಗುಲಿಗೊಂದು ಆಲ್ಬಮ್ ಎಂದು ಲೆಕ್ಕ. ಆದರೆ 1986ರಲ್ಲಿ ಬಂದ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಹೆಚ್ಚುಕಮ್ಮಿ 55 ನಿಮಿಷದ್ದು. ಹಾಗಾಗಿ ಏಳನೆಯ ಹಾಡು 'ಓರಿಯನ್' ಅರ್ಧಕ್ಕೇ ನಿಂತುಬಿಡುತ್ತಿತ್ತು. ಅದೂ ಎಲ್ಲಿ ಅಂತೀರಿ? ಗಿಟಾರುಗಳ ಅಬ್ಬರ ಇಳಿದು ಕ್ಲಿಫ್ ಬರ್ಟನ್ನನ ಬೇಸ್ ನಿಧಾನಕ್ಕೆ ತಲೆಯೆತ್ತುವ ಜಾಗದ ಆಸುಪಾಸಿನಲ್ಲಿ. ಟೇಪು ಮುಗಿದು ಪ್ಲೇಯರಿನ ಗುಂಡಿ ಟಕ್ಕೆಂದು ಮೇಲೆ ಹಾರುತ್ತಿತ್ತು. ಈಗ ಫೋನಿನಲ್ಲಿ ಪೂರ್ತಿ ಹಾಡು ಬರುವಾಗಲೂ ನನ್ನ ಕಿವಿ ಆ ಟಕ್ಕಿಗೆ ಕಾಯುತ್ತದೆ.

ಈ ಅಂಟಿಗೆ ವಯಸ್ಸೊಂದೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ಇದ್ದದ್ದು ಒಂದೇ ಕ್ಯಾಸೆಟ್, ಅದಕ್ಕೇ ಅದನ್ನೇ ಕೇಳಿದೆವು. ಮೊದಲ ಸಲ ಹಿಡಿಸದಿದ್ದರೂ ಕೇಳಿದೆವು, ಕೊಟ್ಟ ದುಡ್ಡಿನ ಸಂಕಟಕ್ಕೆ. ಇಂದು ಹೊಸ ಹಾಡಿಗೆ ನಾವು ಕೊಡುವುದು ಅರ್ಧ ನಿಮಿಷ. ಅರ್ಧ ನಿಮಿಷದ ಸಾಕ್ಷ್ಯವನ್ನು ಇಟ್ಟುಕೊಂಡು ಮೂವತ್ತು ವರ್ಷದ ಒಡನಾಟದ ಎದುರು ತೀರ್ಪು ಕೊಡುವುದು ಯಾವ ನ್ಯಾಯ?

ಕ್ಯಾಸೆಟ್ ಇನ್ನೊಂದು ಕೆಲಸವನ್ನೂ ಮಾಡಿತು. ಹಾಡುವವರು ಕಣ್ಣೆದುರು ಇಲ್ಲದ ಕಡೆ ರೆಕಾರ್ಡಿಂಗೇ ವೇದವಾಯಿತು. ಕಾಲೇಜು ಹಬ್ಬಗಳಲ್ಲಿ, ಐಐಟಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು, ವೇದಿಕೆಯ ಹುಡುಗ ಡೀಪ್ ಪರ್ಪಲ್‌ನ 'ಹೈವೇ ಸ್ಟಾರ್' ಸೋಲೋವನ್ನು ಸ್ವರಕ್ಕೆ ಸ್ವರ ನುಡಿಸಿದನೋ ಇಲ್ಲವೋ ಎಂದು ಅಳೆಯುವವರು ನಾವು. ಒಂದು ಸ್ವರ ಆಚೀಚೆಯಾದರೆ ಕೂಗಾಟ. ಅದೇ ಊರಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಡಿಸೆಂಬರಿನಲ್ಲಿ ವಿದ್ವಾಂಸರೊಬ್ಬರು ಹೋದ ವರ್ಷದ ತೋಡಿಯನ್ನೇ ಸಂಗತಿ ಸಮೇತ ಈ ವರ್ಷವೂ ಒಪ್ಪಿಸಿದರೆ ರಸಿಕರು ಎದ್ದು ಕ್ಯಾಂಟೀನಿಗೆ ಹೋಗುತ್ತಾರೆ. ಅಲ್ಲಿ ಕೃತಿ ಹಳೆಯದಾಗಿರಬೇಕು, ಹಾಡಿಕೆ ಹೊಸತಾಗಿರಬೇಕು. ರಾಕ್ ಸಂಗೀತದ ಸ್ವಭಾವವೇ ಬೇರೆ ಎಂದು ಹೇಳಿ ಜಾರಿಕೊಳ್ಳುವಂತೆಯೂ ಇಲ್ಲ. ಲೆಡ್ ಜೆಪ್ಲಿನ್ 1969ರ ಆಲ್ಬಮ್ಮಿನಲ್ಲಿ ಆರೂವರೆ ನಿಮಿಷಕ್ಕೆ ಮುಗಿಸಿದ 'ಡೇಝ್ಡ್ ಅಂಡ್ ಕನ್‌ಫ್ಯೂಸ್ಡ್' ವೇದಿಕೆಯ ಮೇಲೆ ಅರ್ಧ ಗಂಟೆಯ ತನಕ ಬೆಳೆಯುತ್ತಿತ್ತು. ಅವರಿಗೆ ಮನೋಧರ್ಮ ಗೊತ್ತಿತ್ತು. ಅದನ್ನು ಹೆಪ್ಪುಗಟ್ಟಿಸಿದವರು ದೂರದಲ್ಲಿ ಕೂತ ಭಕ್ತರು.

ಕಿವಿಗೆ ಒಂದು ಅಭ್ಯಾಸವಾದರೆ ಏನನ್ನು ಕೇಳಬಾರದು ಎಂಬುದೂ ಅದರ ಜೊತೆಗೇ ಅಭ್ಯಾಸವಾಗುತ್ತದೆ. ಕನ್ನಡ ಸಿನಿಮಾದ ಹಾಡುಗಳೆಲ್ಲ ಮದರಾಸಿನಲ್ಲೇ ರೆಕಾರ್ಡ್ ಆಗುತ್ತಿದ್ದ ಕಾಲ ಒಂದಿತ್ತಲ್ಲ, ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ, ಗಿಟಾರ್ ಹಿಡಿದು ಕೂತಿದ್ದವರು ಇಳಯರಾಜ. ಅದೇ ಜಿ.ಕೆ.ವಿ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ಗೆ ಅಣ್ಣಾವ್ರಿಂದ ಇಂಗ್ಲಿಷ್ ಹಾಡನ್ನೇ ಹಾಡಿಸಿದರು. ಟಿ. ನಗರದ ಕನ್ನಡಿಗರ ಮನೆಗಳಲ್ಲಿ ಇದೆಲ್ಲ ಕಿವಿಗೆ ಬಿದ್ದೇ ಇತ್ತು. ಆದರೂ ಜೀನ್ಸ್ ತೊಟ್ಟು ರಾಕ್ ಎನ್ನುತ್ತಿದ್ದವರಿಗೆ ಅದು ಸಿನಿಮಾ ಸಂಗೀತ, ಲೆಕ್ಕಕ್ಕಿಲ್ಲ. ಗಿಟಾರ್ ಪಕ್ಕದ ಬೀದಿಯಲ್ಲಿತ್ತು, ನಾವು ಇಂಗ್ಲೆಂಡಿನಿಂದ ಬರಲಿ ಎಂದು ಕಾಯುತ್ತಿದ್ದೆವು.

ಇಂಗ್ಲೆಂಡಿನಲ್ಲಾದರೂ ಅದು ಯಾರ ಸಂಗೀತವಾಗಿತ್ತು? ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯ ಆಳು. ಹದಿನೇಳರ ವಯಸ್ಸಿನಲ್ಲಿ, ಕೆಲಸ ಬಿಡಬೇಕೆಂದಿದ್ದ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಎಡಚನಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ತೊಪ್ಪಿ ಮಾಡಿಕೊಂಡ, ತೆಳು ತಂತಿ ಕಟ್ಟಿದ, 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಹೊತ್ತಿಗೆ ಶ್ರುತಿಯನ್ನು ಒಂದೂವರೆ ಸ್ವರದಷ್ಟು ಇಳಿಸಿದ್ದ. ಇವತ್ತು ಹೆವಿ ಮೆಟಲ್ ಎಂದು ಕರೆಯುವ ಆ ಭಾರದ ಹಿಂದೆ ಕಾರ್ಖಾನೆಯ ಒಂದು ಗಾಯವಿದೆ. ಆದರೆ ಮದರಾಸಿಗೆ ಬರುವಷ್ಟರಲ್ಲಿ ಅದು ಕಾನ್ವೆಂಟ್ ಇಂಗ್ಲಿಷಿನವರ ಸಂಗೀತವಾಯಿತು. ಸಬ್ಬತ್‌ನ ಆ ನಾಲ್ವರು ಈ ಊರಲ್ಲಿ ಹುಟ್ಟಿದ್ದರೆ ಅಡಯಾರಿನಲ್ಲಿ ಹುಟ್ಟುತ್ತಿರಲಿಲ್ಲ. ಬಂದರು, ಗಿರಣಿ, ರೈಲ್ವೆ ಕಾರ್ಖಾನೆಗಳ ಉತ್ತರ ಚೆನ್ನೈಯಲ್ಲಿ, ರಾಯಪುರಂನಲ್ಲೋ ವ್ಯಾಸರ್‌ಪಾಡಿಯಲ್ಲೋ ಹುಟ್ಟಿ, ಸಾವಿನ ಮನೆಯ ಮುಂದೆ ಅಲ್ಲಿನ ಕೇರಿಗಳ ಗಾನಾ ಹಾಡುತ್ತಿದ್ದರು.

ನಾನು ಹೊಸದಾಗಿ ಕಂಡುಕೊಂಡದ್ದು ಎಂದು ಹೇಳಿಕೊಳ್ಳುವುದು ಈ ದಾರಿಯಲ್ಲಿ ಸಿಕ್ಕಿತು. 2018ರ ಜನವರಿಯಲ್ಲಿ ಕಿಲ್ಪಾಕಿನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟ ದಿ ಕಾಸ್ಟ್‌ಲೆಸ್ ಕಲೆಕ್ಟಿವ್ ಎಂಬ ಬ್ಯಾಂಡ್. ನಿರ್ದೇಶಕ ಪಾ. ರಂಜಿತ್, ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ್ದು. ಹೆಸರಿನ ಹಿಂದಿರುವುದು ದಲಿತ ಚಿಂತಕ ಅಯೋತಿ ದಾಸರು ಬಳಸಿದ 'ಜಾತಿಯಿಲ್ಲದ ತಮಿಳರು' ಎಂಬ ಮಾತು. ವೇದಿಕೆಯ ಮೇಲೆ ಗಾನಾ, ರ‍್ಯಾಪ್, ಪರೈ, ಸಟ್ಟಿ, ಜೊತೆಗೆ ಎಲೆಕ್ಟ್ರಿಕ್ ಗಿಟಾರ್. ಹಾಡುಗಳಲ್ಲಿ ದನದ ಮಾಂಸ, ಮೀಸಲಾತಿ. ಸಬ್ಬತ್ ಕೇಳಿ ಪಳಗಿದ ಕಿವಿ ಮೊದಲು ಗಿಟಾರಿನ ಹಿಂದೆ ಓಡುತ್ತದೆ. ಅಲ್ಲಿ ಅಂಥದ್ದೇನೂ ಇಲ್ಲ. ನಾಲ್ಕನೆಯ ಸಲ ಕೇಳುವಾಗ ತಿಳಿಯುತ್ತದೆ, ಭಾರವನ್ನು ಹೊತ್ತಿರುವುದು ಚರ್ಮವಾದ್ಯಗಳು, ಗಿಟಾರ್ ಬರೀ ಜೊತೆಗಾರ.

ಫೋನಿನ ಆ್ಯಪ್ ನನ್ನನ್ನು ಅಲ್ಲಿಗೆ ಎಂದೂ ಕರೆದೊಯ್ಯಲಿಲ್ಲ. ಸಬ್ಬತ್ ಇಷ್ಟವೇ, ಹಾಗಾದರೆ ಸ್ವೀಡನ್ನಿನ ಇದನ್ನು ಕೇಳಿ, ಕ್ಯಾಲಿಫೋರ್ನಿಯಾದ ಅದನ್ನು ಕೇಳಿ ಎನ್ನುತ್ತದೆ. ಅದಕ್ಕೆ ಕಾಣುವುದು ಸದ್ದಿನ ಹೋಲಿಕೆ ಮಾತ್ರ. ಸದ್ದು ಯಾಕೆ ಹಾಗಾಯಿತು ಎಂಬ ಕಾರಣದ ಹೋಲಿಕೆ ಕಾಣುವುದಿಲ್ಲ. ಹಳೆಯ ಪ್ರೀತಿಗೆ ನಿಷ್ಠೆ ಅಂದರೇನು ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ: ಸಬ್ಬತ್‌ಗೆ ನಿಷ್ಠರಾದವರು ಅದರಂಥದೇ ಸದ್ದನ್ನು ಕೂಡಿಡುತ್ತ ಕೂರಬೇಕಿಲ್ಲ. ಆ ಹಾಡು ತನ್ನ ಊರಿನಲ್ಲಿ ಏನು ಮಾಡಿತೋ ಅದನ್ನು ನಮ್ಮ ಊರಿನಲ್ಲಿ ಈಗ ಯಾರು ಮಾಡುತ್ತಿದ್ದಾರೆಂದು ಹುಡುಕಿದರೂ ಅದು ನಿಷ್ಠೆಯೇ.

ಇದು ಸಮಾಜಶಾಸ್ತ್ರವಾಯಿತು, ಸಂಗೀತವಲ್ಲ ಎಂದು ನನ್ನ ಗೆಳೆಯನ ತಕರಾರು. ಕಷ್ಟದಿಂದ ಬಂದದ್ದೆಲ್ಲ ಚೆನ್ನಾಗಿರಲೇಬೇಕೆ ಎನ್ನುತ್ತಾನೆ. ಇಲ್ಲ. ಕಾರಣದ ಹೋಲಿಕೆ ಬಾಗಿಲ ತನಕ ಕರೆತರುತ್ತದೆ ಅಷ್ಟೆ, ಒಳಗೆ ಕಿವಿಯದೇ ಯಜಮಾನಿಕೆ. ಕಲೆಕ್ಟಿವ್‌ನ ಮೀಸಲಾತಿ ಹಾಡಿಗೆ ನಾನು ಮತ್ತೆ ಮತ್ತೆ ಮರಳುತ್ತೇನೆ, ಇನ್ನು ಕೆಲವನ್ನು ದಾಟಿಸಿ ಮುಂದೆ ಹೋಗುತ್ತೇನೆ. ದಾಟಿಸುವುದನ್ನು ಕಂಡು ಅವನು, ನೋಡು, ನಿನಗೇ ಹಿಡಿಸಿಲ್ಲ ಎಂದು ನಗುತ್ತಾನೆ. 2025ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಅದೇ ತಿಂಗಳು ಸಬ್ಬತ್‌ನ ಗಾಯಕ ಆಝಿ ಆಸ್‌ಬರ್ನ್ ತೀರಿಕೊಂಡಾಗ ಇದೇ ಗೆಳೆಯ ಸಬ್ಬತ್‌ನ ಒಂದು ಸ್ವರವೂ ವ್ಯರ್ಥವಲ್ಲ ಎಂದು ಕಣ್ಣೀರು ಹಾಕಿದ್ದ. ಸಬ್ಬತ್‌ನದೇ 1978ರ 'ನೆವರ್ ಸೇ ಡೈ' ಆಲ್ಬಮ್ಮನ್ನು ಮಾತ್ರ ಅವನು ಇವತ್ತಿಗೂ ಪೂರ್ತಿ ಕೇಳಿಲ್ಲ.