ಗರ್ಭಸ್ಥ ಶಿಶುವಿನ ಹೃದಯ

ಬಸುರಿಯನ್ನು ಸುಶ್ರುತಸಂಹಿತೆಯು ‘ದೌಹೃದಿನಿ’, ಅಂದರೆ ಎರಡು ಹೃದಯಗಳುಳ್ಳವಳು ಎಂದು ಕರೆಯುತ್ತದೆ. ನಾಲ್ಕನೆಯ ಮಾಸದಲ್ಲಿ ಶಿಶುವಿನ ಹೃದಯವು ವ್ಯಕ್ತವಾಗುವುದರಿಂದ ತಾಯಿಯ ಬಯಕೆ ಶಿಶುವಿನದೂ ಹೌದೆಂಬುದು ಅದರ ಮತ. ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಮನೆಗಳಲ್ಲಿ ಹಿರಿಯರು ಬಸುರಿಯ ಬಯಕೆಯನ್ನು ಆದರದಿಂದ ತೀರಿಸುವುದುಂಟು. ಆದರೆ ಹೃದಯದಲ್ಲಿ ರಂಧ್ರವಿರುವ ಕೂಸು ಹುಟ್ಟಿದಾಗ, “ಗ್ರಹಣದಲ್ಲಿ ಹೊರಗೆ ಬಂದಿದ್ದಳು” ಎಂದು ಅದೇ ಹಿರಿಯರು ಸೊಸೆಯನ್ನು ದೂಷಿಸುವುದನ್ನೂ ನಾವು ಕೇಳಿದ್ದೇವೆ. ಈ ದೂಷಣೆಗೆ ಆಧಾರವಿದೆಯೆ?

ಇಂದಿನ ಭ್ರೂಣಶಾಸ್ತ್ರದಂತೆ ಹೃದಯದ ಕಾರ್ಯವು ಇನ್ನೂ ಮುಂಚೆಯೇ ಆರಂಭವಾಗುತ್ತದೆ. ಮೂರನೆಯ ವಾರದಲ್ಲಿ ರಕ್ತಕಣಗಳೂ ರಕ್ತನಾಳಗಳೂ ಸಣ್ಣ ಸಣ್ಣ ದ್ವೀಪಗಳಂತೆ ಮೂಡಿ, ಕ್ರಮೇಣ ಒಂದಕ್ಕೊಂದು ಕೂಡಿ ಜಾಲವಾಗುತ್ತವೆ. ಎರಡು ಸೂಕ್ಷ್ಮ ನಾಳಗಳು ನಡುವೆ ಸೇರಿ ಒಂದಾಗಿ, ಸುಮಾರು 22ನೆಯ ದಿನ ಮಿಡಿಯತೊಡಗುತ್ತವೆ. ಆಗ ಅಲ್ಲಿಗೆ ನರಗಳು ತಲುಪಿರುವುದಿಲ್ಲ. ಅದು ತಾನಾಗಿ ಮಿಡಿಯುತ್ತದೆಂದು ವೈದ್ಯರು ಹೇಳುತ್ತಾರೆ. (‘ತಾನಾಗಿ’ ಎಂಬ ಮಾತನ್ನು ಮಾಧ್ವರಾದ ನಾವು ಅಷ್ಟು ಸುಲಭವಾಗಿ ಒಪ್ಪುವವರಲ್ಲ, ಆ ವಿಚಾರ ಇನ್ನೊಮ್ಮೆ.) ಬಳಿಕ ಆ ನಾಳವು ಬಲಕ್ಕೆ ಬಾಗಿ, ಒಳಗೆ ಗೋಡೆಗಳೆದ್ದು, ಎಂಟನೆಯ ವಾರದ ವೇಳೆಗೆ ನಾಲ್ಕು ಕೋಣೆಗಳಾಗುತ್ತವೆ. ಗೋಡೆಯು ಪೂರ್ಣವಾಗದಿದ್ದರೆ ರಂಧ್ರ ಉಳಿಯುತ್ತದೆ.

ಮೊದಲ ಮಿಡಿತದ ವೇಳೆಗೆ ಎಷ್ಟೋ ತಾಯಂದಿರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ಬಹುಪಾಲು ಶಿಶುಗಳಲ್ಲಿ ಈ ದೋಷಕ್ಕೆ ಒಂದೇ ಕಾರಣವನ್ನು ಬೊಟ್ಟುಮಾಡಲಾಗದು. ತಾಯಿಯ ಹತೋಟಿ ತಪ್ಪಿದ ಮಧುಮೇಹ, ರುಬೆಲ್ಲಾ ಜ್ವರ, ಕೆಲವು ಔಷಧಗಳು ಕಾರಣವಾಗುವುದುಂಟು. ಗ್ರಹಣವು ಆ ಸಾಲಿನಲ್ಲಿಲ್ಲ. ಸೋದರಸಂಬಂಧದ ಮದುವೆಗಳಲ್ಲಿ ದೋಷದ ಸಂಭವ ಹೆಚ್ಚೆಂಬುದು ಕಂಡುಬಂದಿದೆ. ಅಂತಹ ಮದುವೆಯನ್ನು ಕೂಡಿಸಿದವಳು ಸೊಸೆಯಲ್ಲ.