ಯಜಮಾನನ ಹೆಸರಿಗೆ ಬಂದ ಎಚ್ಚರಿಕೆಯ ಓಲೆ

ಫ್ರಾನ್ಸ್ ದೇಶದ ಬೆಲ್ಫೋರ್ ಪಟ್ಟಣದ ನ್ಯಾಯಸ್ಥಾನದಲ್ಲಿ 2012ನೆಯ ಇಸವಿ ಸೆಪ್ಟೆಂಬರ್ ತಿಂಗಳಿನಲ್ಲಿ ಒಂದು ಸಣ್ಣ ವ್ಯಾಜ್ಯವು ತೀರ್ಮಾನವಾಯಿತು. ಹಾಡುಗಳನ್ನು ಅಂತರ್ಜಾಲದಿಂದ ಅನುಮತಿಯಿಲ್ಲದೆ ಇಳಿಸಿಕೊಂಡವಳು ತಾನೇ ಎಂದು ಒಬ್ಬ ಕುಶಲಕರ್ಮಿಯ ಹೆಂಡತಿಯು ಒಪ್ಪಿಕೊಂಡಳು. ಅವರಿಬ್ಬರಿಗೂ ಆಗ ವಿವಾಹವಿಚ್ಛೇದನದ ಮಾತು ನಡೆದಿತ್ತು. ಆದರೂ 150 ಯೂರೋ ದಂಡವನ್ನು ತೆರಬೇಕಾದವನು ಗಂಡನೇ. ಸಂಪರ್ಕದ ಚಂದಾ ಆತನ ಹೆಸರಿನಲ್ಲಿತ್ತು. ತೆಗೆದುಕೊಂಡವರೊಬ್ಬರು, ತೆತ್ತವರು ಮತ್ತೊಬ್ಬರು ಎಂದು ನಗುವುದು ಸುಲಭ. ಆದರೆ ಆ ತೀರ್ಪಿನ ಹಿಂದಿರುವ ಪ್ರಶ್ನೆಯು ನಗೆಯಿಂದ ತೀರತಕ್ಕದ್ದಲ್ಲ.

ಆ ದೇಶದವರು 2009ರಲ್ಲಿ ಮಾಡಿಕೊಂಡ ಕಾಯಿದೆಯ ಕ್ರಮವು ಹೀಗಿತ್ತು. ಜನರು ತಂತಮ್ಮ ಕಂಪ್ಯೂಟರುಗಳಿಂದ ಹಾಡುಗಳನ್ನೂ ಚಲನಚಿತ್ರಗಳನ್ನೂ ಪರಸ್ಪರ ಹಂಚಿಕೊಳ್ಳುವ ಜಾಲಗಳಲ್ಲಿ ಕೃತಿಸ್ವಾಮ್ಯವುಳ್ಳವರ ಪ್ರತಿನಿಧಿಗಳು ತಾವೂ ಸೇರಿಕೊಂಡು, ಯಾವ ಐ.ಪಿ. ವಿಳಾಸದಿಂದ ಕೃತಿಯು ಹಂಚಿಕೆಯಾಗುತ್ತಿದೆಯೆಂದು ಗುರುತುಹಾಕಿಕೊಳ್ಳುವರು. ಹಡೋಪಿ ಎಂಬ ಸರಕಾರಿ ಸಂಸ್ಥೆಯು, ಆ ವಿಳಾಸದ ಚಂದಾದಾರನು ಯಾರೆಂದು ಸಂಪರ್ಕವನ್ನೊದಗಿಸುವ ಕಂಪೆನಿಯಿಂದ ತಿಳಿದು, ಆ ಕಂಪೆನಿಯ ಮೂಲಕವೇ ಎಚ್ಚರಿಕೆಯ ಇ-ಮೇಲನ್ನು ಕಳುಹಿಸುವುದು. ಆರು ತಿಂಗಳೊಳಗೆ ಮತ್ತೆ ಅದೇ ನಡೆದರೆ ರಿಜಿಸ್ಟರು ಕಾಗದ. ಅದಾದ ವರ್ಷದೊಳಗೆ ಮೂರನೆಯ ಸಲ ನಡೆದರೆ ವಿಷಯವು ನ್ಯಾಯಾಧೀಶನ ಮುಂದೆ ಹೋಗಬಹುದು. ಮೊದಲ ಓಲೆಗಳು 2010ರ ಅಕ್ಟೋಬರಿನಲ್ಲಿ ಹೊರಟವು. ಕೃತಿ ಯಾವುದೆಂಬುದನ್ನು ಓಲೆಯಲ್ಲಿ ಬರೆಯುತ್ತಿರಲಿಲ್ಲ. ಮನೆಯವರು ಏನನ್ನು ಕೇಳಿದರು, ಏನನ್ನು ನೋಡಿದರು ಎಂಬ ಗುಟ್ಟನ್ನು ಬಯಲಿಗೆಳೆಯದಿರುವುದು ಸಭ್ಯತೆಯೇ ಸರಿ. ಇನ್ನು ಚಂದಾದಾರನ ಮೇಲೆ ಹೊರಿಸಿದ ಆಪಾದನೆಯೂ ಕಳವಲ್ಲ. ತನ್ನ ಸಂಪರ್ಕವನ್ನು ಕಾಯದೆ ಬಿಟ್ಟ ಅಲಕ್ಷ್ಯ.

ನಕಲು ಮಾಡಿಕೊಂಡರೂ ಹಾಡು ಉಳ್ಳವನ ಬಳಿಯಲ್ಲಿಯೇ ಉಳಿಯುವುದರಿಂದ ಅದು ಕಳವೇ ಅಲ್ಲವೆಂದು ವಾದಿಸುವವರುಂಟು. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಶಂಖ ಲಿಖಿತರ ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಅಣ್ಣನಾದ ಶಂಖನು ಆಶ್ರಮದಲ್ಲಿಲ್ಲದಾಗ ಲಿಖಿತನು ಅಲ್ಲಿನ ಮರದ ಹಣ್ಣನ್ನು ಕಿತ್ತು ತಿಂದನು. ಎಲ್ಲಿಯದೆಂದು ಅಣ್ಣನು ಕೇಳಲು, ಇಲ್ಲಿಯದೇ ಎಂದು ನಕ್ಕನು. ಆ ಮರಗಳಿಗೆ ಹಣ್ಣಿನ ಬರವಿರಲಿಲ್ಲ. ನಷ್ಟದ ಮಾತನ್ನು ಶಂಖನು ಎತ್ತಲೂ ಇಲ್ಲ. ಕೊಡದುದನ್ನು ತೆಗೆದುಕೊಂಡೆಯಾದುದರಿಂದ ಅರಸನ ಬಳಿಗೆ ಹೋಗಿ ನೀನೇ ಹೇಳಿಕೊ ಎಂದನು. ಅದತ್ತಾದಾನವೆಂಬ ಈ ಲಕ್ಷಣವನ್ನೇ ಜೈನಶಾಸ್ತ್ರಕಾರರೂ ಕಳವಿಗೆ ಹೇಳಿರುವರು. ಹಾಡನ್ನು ಕಟ್ಟಿದವನು ಕೊಡದಿರುವಾಗ, ಅವನಲ್ಲಿ ಎಷ್ಟು ಉಳಿಯಿತೆಂಬ ಲೆಕ್ಕವು ದೋಷವನ್ನು ತೊಳೆಯಲಾರದು. ಎಚ್ಚರಿಕೆಯನ್ನು ಕೊಡುವುದು ನ್ಯಾಯವೇ.

ಆದರೆ ಆ ಕಥೆ ಅಲ್ಲಿಗೆ ಮುಗಿಯದು. ಸುದ್ಯುಮ್ನರಾಜನಿಂದ ಕೈಗಳನ್ನು ಕತ್ತರಿಸಿಕೊಂಡು ಬಂದ ಲಿಖಿತನು, ಬಾಹುದಾ ನದಿಯಲ್ಲಿ ತರ್ಪಣಕ್ಕಿಳಿದಾಗ ಅಣ್ಣನ ತಪಸ್ಸಿನಿಂದ ಕೈಗಳನ್ನು ಮರಳಿ ಪಡೆದನು. ಮೊದಲೇ ಏಕೆ ನನ್ನನ್ನು ಶುದ್ಧಗೊಳಿಸಲಿಲ್ಲವೆಂದು ಅವನು ಕೇಳಲು, ದಂಡಿಸುವವನು ತಾನಲ್ಲವೆಂದು ಶಂಖನು ಉತ್ತರವಿತ್ತನು. ಎಚ್ಚರಿಸುವವನೂ ದಂಡಿಸುವವನೂ ಬೇರೆಯಾಗಿರಬೇಕೆಂಬ ಈ ವಿವೇಕವನ್ನು ಫ್ರಾನ್ಸಿನ ಸಂವಿಧಾನ ಮಂಡಲಿಯು 2009ರ ಜೂನ್ 10ರಂದು ಎತ್ತಿಹಿಡಿಯಿತು. ಸಂಪರ್ಕವನ್ನು ಕತ್ತರಿಸುವ ಅಧಿಕಾರವನ್ನು ಆ ಸಂಸ್ಥೆಗೆ ಕೊಡಲಾಗದು, ಅದು ನ್ಯಾಯಾಧೀಶನದು ಎಂದಿತು. 2013ರ ಜುಲೈಯಲ್ಲಿ ಈ ಅಲಕ್ಷ್ಯಕ್ಕಾಗಿ ಸಂಪರ್ಕ ಕತ್ತರಿಸುವ ಶಿಕ್ಷೆಯನ್ನೇ ತೆಗೆದು ದಂಡವನ್ನು ಮಾತ್ರ ಉಳಿಸಿಕೊಂಡರು.

ಉಳಿಯುವುದು ಯಜಮಾನನ ಪ್ರಶ್ನೆ. ದನವು ನೆರೆಯವನ ಪೈರನ್ನು ಮೇದರೆ ಕಾಯುವವನು ತೆರಬೇಕೆಂದು ನಮ್ಮ ಧರ್ಮಶಾಸ್ತ್ರಗಳ ಸ್ವಾಮಿಪಾಲವಿವಾದ ಪ್ರಕರಣದಲ್ಲಿಯೂ ಉಂಟು. ಫ್ರಾನ್ಸಿನ ಕಾಯಿದೆಯ ಯುಕ್ತಿಯೂ ಇದೇ ಜಾತಿಯದು. ಎಳೆಯ ಮಕ್ಕಳ ಮಟ್ಟಿಗೆ ಇದನ್ನು ಒಪ್ಪಬಹುದು. ಬುದ್ಧಿ ಬಲಿತ ಹೆಂಡತಿಯಾಗಲಿ ಮಗನಾಗಲಿ ದನವಲ್ಲವಷ್ಟೆ! ತಪ್ಪನ್ನು ತಾನೇ ಒಪ್ಪಿಕೊಂಡು ನಿಂತವಳನ್ನು ಬಿಟ್ಟು ಆಕೆಯ ಗಂಡನಿಂದ ದಂಡ ತೆಗೆದುಕೊಂಡಾಗ, ಆಕೆಯು ಸ್ವತಂತ್ರಳಾದ ಕರ್ತೃವೆಂಬ ಗೌರವವೂ ಹೋಯಿತು. ಆತನು ತನ್ನ ಮನೆಯಲ್ಲಿ ತಾನೇ ಕಾವಲುಗಾರನಾಗಬೇಕಾಯಿತು. ಯಂತ್ರಕ್ಕೆ ವಿಳಾಸದ ಅಂಕಿ ಕಾಣುವುದೇ ಹೊರತು, ಅದರ ಮುಂದೆ ಕುಳಿತವರ ಮುಖ ಕಾಣದು. ಕಾಣದ ಮಾತ್ರಕ್ಕೆ ಕಂಡವನನ್ನು ಹಿಡಿಯುವುದು ಆಡಳಿತಕ್ಕೆ ಅನುಕೂಲ, ಅನುಕೂಲವನ್ನು ಧರ್ಮವೆನ್ನಲಾಗದು.

ಅಮೆರಿಕದಲ್ಲಿ ಕಂಪೆನಿಗಳು ತಾವೇ ಒಪ್ಪಂದ ಮಾಡಿಕೊಂಡು 2013ರಿಂದ ಆರು ಎಚ್ಚರಿಕೆಗಳವರೆಗೆ ಕಳುಹಿಸುವ ಏರ್ಪಾಡು ಮಾಡಿ, 2017ರಲ್ಲಿ ಕೈಬಿಟ್ಟವು. ಕೆನಡಾದ ಕ್ರಮವು ಇದಕ್ಕಿಂತ ಸೌಮ್ಯವಾದುದು: 2015ರಿಂದ ಅಲ್ಲಿ ಸ್ವಾಮ್ಯವುಳ್ಳವನ ಓಲೆಯನ್ನು ಕಂಪೆನಿಯು ಚಂದಾದಾರನಿಗೆ ತಲಪಿಸಬೇಕು, ಆತನ ಹೆಸರನ್ನು ಸ್ವಾಮ್ಯದವನಿಗೆ ಹೇಳಬೇಕಾದುದಿಲ್ಲ. ಬೇಕಾದರೆ ಮುಂದೆ ನ್ಯಾಯಸ್ಥಾನಕ್ಕೆ ಹೋಗಲಿ. ಓಲೆಯು ಅಲ್ಲಿ ಶಂಖನ ಮಾತಿನಷ್ಟೇ.

ಹಡೋಪಿ 2022ರಲ್ಲಿ ಆರ್ಕಾಮ್ ಎಂಬ ಮತ್ತೊಂದು ಸಂಸ್ಥೆಯಲ್ಲಿ ಲೀನವಾಯಿತು. ಬೆಲ್ಫೋರಿನ ಆ ಕುಶಲಕರ್ಮಿಗೆ ಓಲೆಗಳು ಒಂದಲ್ಲ, ಹಲವು ಬಂದಿದ್ದವು. ಮೊದಲನೆಯದು ಬಂದ ದಿನ, ಅದನ್ನು ಹೆಂಡತಿಯ ಮುಂದಿಟ್ಟು, ಈ ಹಣ್ಣು ಎಲ್ಲಿಯದು ಎಂದು ಆತನು ಕೇಳಿದ್ದನೇ? ಆ ಮನೆಯಲ್ಲಿ ಅಂಥ ಪ್ರಶ್ನೆಯನ್ನು ಕೇಳುವಷ್ಟು ಮಾತುಕತೆಯು ಆಗ ಉಳಿದಿತ್ತೇ?