ವೋಚರ್ ಇಲ್ಲದ ಅರ್ಥ

ಪುಣೆಗೆ ಬಂದು ಮೂವತ್ತೆರಡು ವರ್ಷವಾಯಿತು. ಈ ಮನೆಯಲ್ಲಿ ಕನ್ನಡದ ವಿಷಯಕ್ಕೆ ಕೊನೆಯ ಮಾತು ನನ್ನದೇ. ನಾನು ಹೇಳಿದ್ದೇ ಅರ್ಥ, ಬರೆದದ್ದೇ ಕಾಗುಣಿತ. ಅದೊಂದು ಸುಖವೇ ಅನ್ನಿ.

ಹೋದ ಜೂನ್‌ನಲ್ಲಿ ಮೊದಲ ಮಳೆ ಬೀಳುತ್ತಿದ್ದಾಗ ಮೊಮ್ಮಗಳು ಕೇಳಿದಳು: "ಅಜ್ಜಾ, ಮುಂಗಾರು ಅಂತೀಯಲ್ಲ, 'ಮುಂ' ಅಂದ್ರ ಮುಂದ. 'ಗಾರು' ಅಂದ್ರೇನು?"

"ಗಾಳಿ" ಎಂದುಬಿಟ್ಟೆ. ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಅವಳು ವಹಿಯಲ್ಲಿ ಬರೆದುಕೊಂಡಳು.

ಊರಲ್ಲಾಗಿದ್ದರೆ ಕಟ್ಟೆಯ ಮೇಲೆ ಕೂತವರು ಯಾರಾದರೂ "ಏನ್ ಹೇಳ್ತೀರಿ ಸಾಹೇಬ್ರ!" ಎಂದು ಅಲ್ಲೇ ತಿದ್ದುತ್ತಿದ್ದರು. ಇಲ್ಲಿ ತಿದ್ದುವವರಿಲ್ಲ. ನನ್ನ ತಪ್ಪೇ ಅವಳಿಗೆ ಕನ್ನಡವಾಗಿಬಿಡುತ್ತದೆ. ಈ ಯೋಚನೆಯಿಂದ ರಾತ್ರಿ ನಿದ್ದೆ ಹತ್ತದೆ ಎದ್ದು ಕಿಟೆಲ್ ನಿಘಂಟು ತೆಗೆದೆ. ಕಾರ್ ಅಂದರೆ ಕಪ್ಪು, ಕರಿಮೋಡ, ಮಳೆಗಾಲ. ಅದೇ ಸಮಾಸದಲ್ಲಿ 'ಗಾರು' ಆಗಿದೆ, ಹಿಂಗಾರಿನಲ್ಲೂ ಅದೇ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ.

ಧಾರವಾಡದಲ್ಲಿ ಎಂ.ಕಾಂ. ಓದುವಾಗ ಕಿಟೆಲ್ ಕಾಲೇಜಿನ ಮುಂದೆ ಎಷ್ಟೋ ಸಲ ಹಾದುಹೋಗಿದ್ದೆ. ಆ ಹೆಸರು ಯಾರದೆಂದು ಕೇಳಿದವನಲ್ಲ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಇಲ್ಲಿಗೆ ಬಂದು, 1894ರಲ್ಲಿ ನಿಘಂಟು ಹೊರತಂದವರು. ಪರಭಾಷೆಯವರಾದ್ದರಿಂದ ಕೇಳದೆ ಅವರಿಗೆ ಗತಿಯಿರಲಿಲ್ಲ. ನನಗೋ, ತಾಯಿಯ ಜೊತೆಗೇ ಬಂದ ಭಾಷೆ ಎಂಬ ಸೊಕ್ಕು.

ಕಿಟೆಲ್ ಅರ್ಥ ಹೇಳಿ ಸುಮ್ಮನಾಗಲಿಲ್ಲ. ಗ್ರಂಥಗಳ ಪ್ರಯೋಗ, ಜನರ ಗಾದೆ ಜೊತೆಗಿಟ್ಟರು. ಮುಂದೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನಗಳವರೆಗೂ ಹೋಯಿತು. ಕೊನೆಯ ಸಂಪುಟ ಬಂದದ್ದು 1995ರಲ್ಲಿ. ಬ್ಯಾಂಕಿನ ಮಾತಲ್ಲಿ ಹೇಳುವುದಾದರೆ, ಇವರು ಪ್ರತಿ ಎಂಟ್ರಿಗೂ ವೋಚರ್ ಇಟ್ಟವರು. ನಿಘಂಟಿನಲ್ಲಿದ್ದದ್ದೆಲ್ಲ ಸರಿ ಅಂತಲ್ಲ. ಆದರೆ ವೋಚರ್ ಇದ್ದರೆ ಜಗಳವಾಡಬಹುದು. ನನ್ನ ಮಾತಿಗೆ ನನ್ನ ವಯಸ್ಸು ಬಿಟ್ಟರೆ ಬೇರೆ ಆಧಾರವಿಲ್ಲ, ವಯಸ್ಸಿನ ಜೊತೆ ಮಗು ಹೇಗೆ ಜಗಳವಾಡೀತು? ಕೌಂಟರಿನಲ್ಲಿ ಸಹಿ ಇಲ್ಲದ ಒಂದು ಚೀಟಿಯನ್ನೂ ಪಾಸ್ ಮಾಡದವನು ಮನೆಯಲ್ಲಿ ಎಷ್ಟು ಪಾಸ್ ಮಾಡಿದ್ದೇನೋ!

ಬೆಳಿಗ್ಗೆ ಅವಳಿಗೆ ತಪ್ಪು ಒಪ್ಪಿಕೊಂಡೆ. ಚಹಾ ಆರುವಷ್ಟು ಹೊತ್ತು ಬೇಕಾಯಿತು ಅದಕ್ಕೆ.

"ಹಂಗಾರ ನೀ ಹೇಳಿದ್ದರಾಗ ಇನ್ನೂ ಎಷ್ಟು ತಪ್ಪದಾವ ಅಜ್ಜಾ?" ಎಂದವಳೇ ವಹಿ ತಂದಿಟ್ಟಳು. ಮೊದಲ ಎರಡು ಪುಟದಲ್ಲೇ ಮೂರು ಸಿಕ್ಕವು. ಇನ್ನೂ ಅರ್ಧ ವಹಿ ನೋಡುವುದಿದೆ.